ಗೆರೆಯಕ್ಕನ ಇಪ್ಪತ್ಮೂರು ಗುಂಡಿಗಳು

ಗೆರೆಯಕ್ಕ ವಯಸ್ಸಿನಲ್ಲಿ ನನಗಿಂತ ಆರು ವರ್ಷ ಚಿಕ್ಕವಳು. ಆದರೂ ನನಗೆ ಅಕ್ಕ. ನಮ್ಮ ನಕ್ಷೆ ಕಚೇರಿಗೆ ಕಾಲಿಟ್ಟವರಿಗೆಲ್ಲ ಅವಳು ಅಕ್ಕ. ದೊಡ್ಡ ಸಾಹೇಬರಿಗೂ ಅಕ್ಕ, ನೀರಿನ ಕ್ಯಾನು ಹೊತ್ತು ತರುವವನಿಗೂ ಅಕ್ಕ. ಅವಳು ಎಳೆದ ಗೆರೆ ಎಲ್ಲಿ ಶುರುವಾಗಬೇಕೋ ಅಲ್ಲಿ ಶುರುವಾಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು. ಕೂದಲೆಳೆಯಷ್ಟೂ ಆಚೆ ಹೋಗುತ್ತಿರಲಿಲ್ಲ. ಹಾಗಾಗಿ ಗೆರೆಯಕ್ಕ.

ನನ್ನನ್ನು ಅಮೋನಿಯ ಅಣ್ಣ ಎನ್ನುತ್ತಿದ್ದರು. ನಕ್ಷೆಗಳ ನೀಲಿ ಪ್ರತಿ ತೆಗೆಯುವ ಯಂತ್ರ ನನ್ನ ಕೈಯಲ್ಲಿತ್ತು. ಅದರ ಹೊಟ್ಟೆಯೊಳಗಿನ ಅಮೋನಿಯದ ವಾಸನೆ ನನ್ನ ಅಂಗಿ, ಕೂದಲು, ಊಟದ ಡಬ್ಬಿ ಎಲ್ಲಕ್ಕೂ ಹತ್ತಿಕೊಂಡಿತ್ತು. ಎಷ್ಟೇ ನೂಕುನುಗ್ಗಲಿದ್ದರೂ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. ನಾನು ಶಾಲೆಗೆ ಬೆನ್ನು ತಿರುಗಿಸಿದ್ದು ಏಳನೇ ತರಗತಿಯಲ್ಲಿ. ಆಮೇಲೆ ಕಲಿತದ್ದೆಲ್ಲ ಬಿಚ್ಚಿ ಕಲಿತದ್ದು. ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದನ್ನೂ ಬಿಚ್ಚಿದೆ, ಮತ್ತೆ ಜೋಡಿಸಿದೆ, ಮೂರು ಸ್ಕ್ರೂ ಉಳಿದವು. ಮಷೀನು ಓಡಿತು. ಆ ಮೂರು ಸ್ಕ್ರೂ ಇವತ್ತಿಗೂ ನನ್ನ ಹತ್ತಿರ ಇವೆ. ಬೇಡದ್ದನ್ನು ಹಾಕಿದವರಿಗೆ ಎಂದಾದರೂ ತೋರಿಸಬೇಕೆಂದು ಇಟ್ಟುಕೊಂಡಿದ್ದೇನೆ. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿದ್ದಾನೆ ಅಂದುಕೊಂಡರೆ, ಹೌದು, ಜಂಬಕ್ಕೇ. ಮುಂದೆ ನಾನು ಮಾಡಿದ ಎಡವಟ್ಟನ್ನು ಹೇಳಬೇಕಾಗಿದೆ. ಮೊದಲೇ ಒಂದಿಷ್ಟು ಕೊಚ್ಚಿಕೊಂಡಿದ್ದರೆ ತಕ್ಕಡಿ ಸಮವಾಗುತ್ತದೆ.

ಗೆರೆಯಕ್ಕ ಬಂದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಟ್ರೇಸರ್ ಕೆಲಸಕ್ಕೆ. ಇಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹರಡಿ, ಕೆಳಗೆ ಕಾಣುವ ಗೆರೆಗಳನ್ನು ಮಸಿಯಲ್ಲಿ ಎತ್ತಿಕೊಳ್ಳುವುದು ಟ್ರೇಸರ್ ಕೆಲಸ. ಅವಳ ತಾಯಿ ಬಟ್ಟೆ ಹೊಲಿಯುವವರು. ಹಳೆ ಪೇಪರಿನ ಮೇಲೆ ತೋಳು, ಕತ್ತು, ಬೆನ್ನಿನ ಅಳತೆ ಬರೆದು ಕತ್ತರಿಸಿಕೊಡುವುದು ಮಗಳ ಪಾಲಿನ ಕೆಲಸವಾಗಿತ್ತು. ಅವಳ ಓದೂ ಅದೇ, ಡಿಗ್ರಿಯೂ ಅದೇ. ದೊಡ್ಡ ಸಾಹೇಬರು ಪರೀಕ್ಷೆಗೆಂದು ಒಂದು ಮೆಟ್ಟಿಲಿನ ನಕ್ಷೆ ಕೊಟ್ಟರು. ಮಧ್ಯಾಹ್ನದೊಳಗೆ ಮುಗಿಸಿದಳು. ಅವರು ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ಗೆರೆ ಕಾಣಲಿಲ್ಲ, ಒಂದೇ ಕಂಡಿತು.

"ಇದ್ರಲ್ಲಿ ನಿಂದ್ಯಾವುದಮ್ಮ?"

"ಬೆರಳಿಟ್ಟು ನೋಡಿ ಸಾರ್. ಯಾವುದು ಕೈಗೆ ಮೆತ್ಕೊಳುತ್ತೋ ಅದು ನಂದು."

ಸಾಹೇಬರು ನಿಜವಾಗಿಯೂ ಬೆರಳಿಟ್ಟರು. ಮಸಿ ಮೆತ್ತಿತು. ಕೆಲಸ ಸಿಕ್ಕಿತು.

ಕೆಳಗೆ ಟ್ಯೂಬ್‌ಲೈಟ್ ಉರಿಯುವ ಒಂದು ಗಾಜಿನ ಮೇಜು ಅವಳದು, ಕಿಟಕಿಯ ಪಕ್ಕ. ಮೇಜಿನ ಅಂಚಿಗೆ ಎಡದಿಂದ ಸಾಲಾಗಿ ಮೊದಲು ಚೂಪು ಪೆನ್ಸಿಲು, ಆಮೇಲೆ ಮೊಂಡು ಪೆನ್ಸಿಲು, ಮೂಲೆಮಟ್ಟ, ಕೈವಾರ, ಮೂರು ಮಸಿಪೆನ್ನು, ಬ್ಲೇಡು, ರಬ್ಬರು, ಕೊನೆಗೆ ಚಹಾ ಲೋಟ. ಕಣ್ಣು ಹಾಳೆಯ ಮೇಲೆ, ಕೈ ತಾನಾಗಿ ಹೋಗಿ ತನಗೆ ಬೇಕಾದ್ದನ್ನು ತರುತ್ತಿತ್ತು. ಕರೆಂಟು ಹೋದಾಗಲೂ ಅವಳು ಚಹಾದೊಳಗೆ ಪೆನ್ನು ಅದ್ದಿದವಳಲ್ಲ. ಒಮ್ಮೆ ತಮಾಷೆಗೆಂದು ನಾನು ಬ್ಲೇಡನ್ನೂ ರಬ್ಬರನ್ನೂ ಅದಲುಬದಲು ಮಾಡಿದ್ದೆ. ಎರಡು ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೇ ದಿನ ನನ್ನ ಊಟದ ಡಬ್ಬಿ ತೆರೆದರೆ ಒಳಗೆ ರಬ್ಬರು. ಅಲ್ಲಿಗೆ ರಾಜಿಯಾಯಿತು.

ಅವಳಿಗೆ ಒಂದು ನಿಯಮವಿತ್ತು. ಯಾವ ಹಾಳೆಯೇ ಆಗಲಿ, ಅದರದೊಂದು ಟ್ರೇಸ್ ಬೀರುವಿನೊಳಗೆ ಕೂರದೆ ಮೂಲ ಹಾಳೆ ಬಾಗಿಲು ದಾಟುವಂತಿಲ್ಲ. ಸಾಹೇಬರು ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದರೂ "ಬರ್ತೀನಿ, ಕೊನೇ ಗೆರೆ" ಎಂದು ಕಿಟಕಿಯಿಂದ ಕೂಗುತ್ತಿದ್ದಳು.

ಹೀಗೆ ಇಪ್ಪತ್ತೈದು ವರ್ಷ ಕಳೆದ ಮೇಲೆ ಕಂಪ್ಯೂಟರ್ ಬಂತು. ಇದ್ದ ಇನ್ನಿಬ್ಬರು ಟ್ರೇಸರುಗಳು ಬೇರೆ ಕೆಲಸ ಹುಡುಕಿಕೊಂಡರು. ಇವಳು ಮಾತ್ರ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು.

"ಗೆರೆ ಗೆರೆನೇ ಅಲ್ವಾ ಅಣ್ಣ? ಹಾಳೆ ಮೇಲೆ ಎಳೆದ್ರೇನು, ಗಾಜಿನೊಳಗೆ ಎಳೆದ್ರೇನು. ಎಲ್ಲಿ ಒತ್ತಬೇಕು ಅಷ್ಟು ಹೇಳಿ."

ನಕ್ಷೆ ಬರೆಯುವ ಸಾಫ್ಟ್‌ವೇರ್ ತೆರೆದರೆ ಪರದೆಯ ಮೇಲ್ಗಡೆ, ಎಡಗಡೆ, ಬಲಗಡೆ ಸಣ್ಣ ಸಣ್ಣ ಚಿತ್ರದ ಗುಂಡಿಗಳ ಪಟ್ಟಿಗಳು. ಟೂಲ್‌ಬಾರ್ ಎನ್ನುವುದು ಅದಕ್ಕೇ. ಒಂದು ಗುಂಡಿ ಒತ್ತಿದರೆ ಗೆರೆ, ಒಂದು ಒತ್ತಿದರೆ ವೃತ್ತ. ನೂರಾ ಎಂಬತ್ತು ಗುಂಡಿಗಳಿದ್ದವು, ನಾನೇ ಎಣಿಸಿದ್ದೆ. ಅವಳು ಒಂದು ಗಳಿಗೆ ನೋಡಿದಳು.

"ಅಯ್ಯೋ ಇದೇನಿದು, ದರ್ಜಿ ಡಬ್ಬ ಬೋರಲು ಹಾಕಿದ ಹಾಗಿದೆ! ಇದ್ರಲ್ಲಿ ಸೂಜಿ ಹುಡುಕೋಷ್ಟರಲ್ಲಿ ಅಂಗಿ ಹರಿದೇ ಹೋಗುತ್ತೆ."

ಬೇಡದ ಗುಂಡಿ ತೆಗೆಯಬಹುದು, ಬೇಕಾದ್ದನ್ನು ಬೇಕಾದ ಕಡೆ ಎಳೆದು ಕೂರಿಸಬಹುದು ಎಂದು ನಾನು ತೋರಿಸಿದ್ದೇ ತಡ, ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದು ವಾರ ಆರಿಸಿದಳು, ಬಿಸಾಡಿದಳು, ಜೋಡಿಸಿದಳು. ಕೊನೆಗೆ ಉಳಿದದ್ದು ಒಂದೇ ಸಾಲು, ಇಪ್ಪತ್ಮೂರು ಗುಂಡಿ. ಎಡದಿಂದ ಮೊದಲು ತೆಳು ಗೆರೆ, ಆಮೇಲೆ ದಪ್ಪ ಗೆರೆ, ಮೂಲೆ, ವೃತ್ತ... ಅವಳ ಹಳೆಯ ಮೇಜಿನ ಸಾಲೇ ಪರದೆಗೆ ಹತ್ತಿತ್ತು. ಚಹಾ ಲೋಟ ಒಂದೇ ಕಡಿಮೆ.

ಅದರಲ್ಲಿ ಒಂಬತ್ತು ಗುಂಡಿಗಳಿಗೆ ಅವಳೇ ಚಿತ್ರ ಬರೆದಳು. ಅಡ್ಡಕ್ಕೆ ಮೂವತ್ತೆರಡು, ಉದ್ದಕ್ಕೆ ಮೂವತ್ತೆರಡು ಪುಟ್ಟ ಚೌಕಗಳು; ಯಾವ ಚೌಕ ಕಪ್ಪು, ಯಾವುದು ಬಿಳಿ ಎಂದು ಒಂದೊಂದನ್ನೇ ತುಂಬಬೇಕು. ಕೆಲಸ ಉಳಿಸಿಡುವ ಗುಂಡಿಗೆ ಮುದುರಿ ಮಲಗಿದ ಬೆಕ್ಕು. "ಉಳಿಸಿದ್ಮೇಲೆ ನಿಶ್ಚಿಂತೆಯಾಗಿ ಮಲಗಬಹುದಲ್ವಾ?" ಅಳಿಸುವ ಗುಂಡಿಗೆ ಕಾಗೆ, ಎತ್ತಿಕೊಂಡು ಹೋಗುತ್ತದೆಂದು. ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಗುಂಡಿಗೆ ತಿರುಗಿ ನಿಂತ ಒಂದು ಚಪ್ಪಲಿ. ಬಾಗಿಲಿನ ಗುಂಡಿ ಒತ್ತಿದರೆ ಅಳತೆ, ಚೌಕಟ್ಟು ಸಮೇತ ಇಡೀ ಬಾಗಿಲು ಬಂದು ನಿಲ್ಲುತ್ತಿತ್ತು. ಅದರ ಚಿತ್ರ ಎಡಕ್ಕೆ ತೆರೆದ ಬಾಗಿಲು. ಇನ್ನು ಪ್ರಿಂಟ್ ಗುಂಡಿಗೆ ಒಂದು ಮೂಗು, ಪಕ್ಕದಿಂದ ನೋಡಿದ್ದು, ನಡುವೆ ಸ್ವಲ್ಪ ಗೂನು.

"ಇದ್ಯಾರ ಮೂಗು?" ಎಂದೆ.

"ಅಮೋನಿಯ ಹೀರೋ ಮೂಗು ಈ ಕಚೇರೀಲಿ ಎಷ್ಟಿವೆ ಅಣ್ಣ?"

ಎಲ್ಲ ಮುಗಿದ ಸಂಜೆ ಮಷೀನು ಆರಿಸಲು ಹೋದೆ. ತಡೆದಳು.

"ನಾಳೆ ಬಂದಾಗ ಇದು ಹಿಂಗೇ ಇರುತ್ತಾ?"

"ಇರದೆ ಎಲ್ಲಿ ಹೋಗುತ್ತೆ?"

"ಈಗ ಎಲ್ಲಿದೆ?"

"ಒಳಗೆ."

"ಒಳಗೆ ಅಂದ್ರೆ ಎಲ್ಲಿ?"

ಅದು ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ನನಗಿರಲಿಲ್ಲ. "ಅಲ್ಲೇ ಎಲ್ಲೋ ಇರುತ್ತೆ ಬಿಡು" ಎಂದೆ.

ಅವಳು ಬಿಡಲಿಲ್ಲ. ಬೀರುವಿನಿಂದ ಪಾರದರ್ಶಕ ಹಾಳೆ ತಂದು, ನಾಲ್ಕು ಮೂಲೆಗೆ ಟೇಪು ಹಚ್ಚಿ ಪರದೆಗೇ ಅಂಟಿಸಿ, ಸಣ್ಣ ಮಸಿಪೆನ್ನಿನಲ್ಲಿ ಇಪ್ಪತ್ಮೂರು ಗುಂಡಿಗಳನ್ನೂ ಎತ್ತಿಕೊಳ್ಳತೊಡಗಿದಳು. "ನೋಡಿ, ಇದಕ್ಕಿಂತ ಒಳ್ಳೆ ಲೈಟ್ ಟೇಬಲ್ ಎಲ್ಲಿದೆ!" ಇಡೀ ಕಚೇರಿ ಹೊಟ್ಟೆ ಹಿಡಿದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅವಳು ಕಡೆಯ ಗುಂಡಿಯ ಮೂಗು ಬರೆದು, ಮೂಲೆಯಲ್ಲಿ ತಾರೀಖು, ಹಾಳೆ ಸಂಖ್ಯೆ ಹಾಕಿ, ಉಫ್ ಎಂದು ಊದಿ, ಡ್ರಾಯರಿನಲ್ಲಿಟ್ಟು ಮನೆಗೆ ಹೋದಳು.

ಮುಂದೆಯೂ ಅಷ್ಟೇ. ಒಂದು ಗುಂಡಿ ಆಚೀಚೆ ಆದರೆ ಹೊಸ ಟ್ರೇಸ್. ಹಳೆಯದು ಮನೆಗೆ. ಅವಳ ಅತ್ತೆಗೆ ಆ ಹಾಳೆಗಳ ಮೇಲೆ ಬಲು ಪ್ರೀತಿ. ಅಡುಗೆಮನೆಯ ಕಪಾಟಿಗೆ ಹಾಸಿದರೆ ಎಣ್ಣೆ ಇಳಿಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒಂದು ಸಲ ಎಳೆದರೆ ಫಳಫಳ.

ಹನ್ನೆರಡು ವರ್ಷ ನಾನು ಅವಳನ್ನು ಛೇಡಿಸಿದೆ. "ಮಷೀನನ್ನ ನಂಬು ಅಕ್ಕ, ಇನ್ನೂ ಎಷ್ಟು ಕಾಲ ಅದರ ಮುಖಕ್ಕೆ ಹಾಳೆ ಅಂಟಿಸ್ತೀಯ?" ಕೊನೆಗೂ ಅವಳು ನಂಬಿದಳು. ಅತ್ತೆ ಹೊಸ ಕಪಾಟಿಗೆ ಹಾಳೆ ಕೇಳಿದಾಗ ಡ್ರಾಯರಿನಲ್ಲಿದ್ದ ಕಟ್ಟಕಡೆಯ ಟ್ರೇಸನ್ನೂ ಕೊಟ್ಟುಬಿಟ್ಟಳು. "ನೀವು ಹೇಳೋದು ಸರಿ ಅಣ್ಣ. ಹೇಗಿದ್ರೂ ಒಳಗೇ ಇದೆಯಲ್ಲ." ನಾನು ಗೆದ್ದೆನೆಂದು ಬೀಗಿದೆ.

ಅದಾಗಿ ಒಂದು ತಿಂಗಳಿಗೆ ಹೊಸ ಕಂಪ್ಯೂಟರುಗಳು ಬಂದವು. ಅಷ್ಟು ಹೊತ್ತಿಗೆ ದೊಡ್ಡ ಸಾಹೇಬರು ಕೆಲಸ ಬಿಟ್ಟು ಮನೆ ಸೇರಿದ್ದರು. ಅವರ ಮಗಳು, ನಮ್ಮ ಚಿಕ್ಕ ಮೇಡಂ, ಕಚೇರಿ ನೋಡಿಕೊಳ್ಳುತ್ತಿದ್ದಳು. ಮೂವತ್ತು ದಾಟಿರದ ಚುರುಕು ಹೆಣ್ಣು. ಕೆಟ್ಟವಳಲ್ಲ, ಆದರೆ ಗಡಿಯಾರದ ಮುಳ್ಳಿನ ಮೇಲೆ ನಡೆಯುವವಳು. ಹಳೆಯ ಮಷೀನುಗಳನ್ನು ಅಳಿಸಿ ಶುಚಿ ಮಾಡಿ ಒಂದು ಹೊಲಿಗೆ ಶಾಲೆಗೆ ಕೊಡಬೇಕು, ಕೆಲಸವೆಲ್ಲ ಹೊಸದಕ್ಕೆ ಸಾಗಿಸಬೇಕು ಎಂದಳು. ನಾನಿರುವಾಗ ಹೊರಗಿನವರು ಯಾಕೆ? ಸೋಮವಾರ ಇಡೀ ದಿನ ಕೂತು ಗೆರೆಯಕ್ಕನ ಎರಡು ಸಾವಿರದ ನೂರಾ ಆರು ನಕ್ಷೆಗಳನ್ನು ಎರಡೆರಡು ಕಡೆ ಪ್ರತಿ ಮಾಡಿದೆ. ಅಲ್ಲೊಂದು ಇಲ್ಲೊಂದು ತೆರೆದು ನೋಡಿದೆ. ಒಂದು ಗೆರೆ ಕಡಿಮೆಯಾಗಿರಲಿಲ್ಲ. ಆಮೇಲೆ ಹಳೆಯ ಮಷೀನನ್ನು ಹಸುಗೂಸಿನ ಮನಸ್ಸಿನಷ್ಟು ಖಾಲಿ ಮಾಡಿ, ಕಾಲ ಮೇಲೆ ಕಾಲು ಹಾಕಿ ಚಹಾ ಕುಡಿದೆ.

ಮಂಗಳವಾರ ಬೆಳಿಗ್ಗೆ ಗೆರೆಯಕ್ಕ ಹೊಸ ಪರದೆಯ ಮುಂದೆ ಕೂತಳು. ಅಗ್ನಿಶಾಮಕ ಠಾಣೆಯ ನಕ್ಷೆ, ಹನ್ನೊಂದು ಹಾಳೆ, ಶುಕ್ರವಾರ ಐದು ಗಂಟೆಗೆ ಹೋಗಬೇಕು. ಸಾಫ್ಟ್‌ವೇರ್ ತೆರೆದಳು. ಕೈ ತಾನಾಗಿ ಎಡಕ್ಕೆ ಹೋಯಿತು, ಗಾಳಿಯಲ್ಲೇ ನಿಂತಿತು.

"ಅಣ್ಣ."

ಹೋದೆ.

"ನನ್ನ ಸಾಲು ಎಲ್ಲಿ?"

ಪರದೆಯ ತುಂಬ ನೂರಾ ಎಂಬತ್ತಲ್ಲ, ಈಗ ಇನ್ನೂರಾ ನಲವತ್ತು ಗುಂಡಿಗಳು. ಬೆಕ್ಕಿಲ್ಲ, ಕಾಗೆಯಿಲ್ಲ, ನನ್ನ ಮೂಗಿಲ್ಲ. ಗಡಿಬಿಡಿಯಲ್ಲಿ ಸಾಫ್ಟ್‌ವೇರಿನ ಸಹಾಯದ ಪುಟ ತೆರೆದು, ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಪದ ಓದಿದೆ. ಅವಳು ಹನ್ನೆರಡು ವರ್ಷದ ಹಿಂದೆ ಕೇಳಿದ್ದ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು. ಟೂಲ್‌ಬಾರಿನ ಜೋಡಣೆ ನಕ್ಷೆಗಳ ಜೊತೆ ಇರುವುದಿಲ್ಲ. ಅದು ಬೇರೆಯೇ ಒಂದು ಮರೆಯ ಫೋಲ್ಡರಿನಲ್ಲಿರುತ್ತದೆ. ಅದನ್ನು ಬೇರೆಯಾಗಿಯೇ ಪ್ರತಿ ಮಾಡಬೇಕು. ನಾನು ನಕ್ಷೆಗಳನ್ನೆಲ್ಲ ಜೋಪಾನವಾಗಿ ಹೊತ್ತು ತಂದು, ಅವನ್ನು ಬರೆದ ಮೇಜನ್ನು ಒಲೆಗೆ ಹಾಕಿದ್ದೆ.

"ಅಳಿಸಿ ಹೋಯ್ತು ಅಕ್ಕ. ನಾನೇ ಅಳಿಸಿದೆ," ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೌಸು ಹಿಡಿದು ಗುಂಡಿಗಳ ಕಾಡಿನೊಳಗೆ ಬಾಗಿಲು ಹುಡುಕುತ್ತ ಹೋದಳು. ಕೈ ಎಡಕ್ಕೆ ಹೋಗುವುದು, ತಡೆಯುವುದು, ವಾಪಸು ಬರುವುದು. ನಾಲ್ಕು ಗಂಟೆಯಾದರೂ ಅರ್ಧ ಹಾಳೆ ಮುಗಿದಿರಲಿಲ್ಲ. ಚಿಕ್ಕ ಮೇಡಂ ಬಂದು ಹಿಂದೆ ನಿಂತಳು.

"ಹೊಸ ಮಷೀನು ಒಗ್ಗಲಿಲ್ವಾ ಅಕ್ಕ?"

"ಒಗ್ಗುತ್ತೆ ಮೇಡಂ."

"ಬೇಜಾರು ಮಾಡ್ಕೋಬೇಡಿ. ಗುರುವಾರ ಮಧ್ಯಾಹ್ನಕ್ಕೆ ನಾಲ್ಕು ಹಾಳೆ ಆಗಿರ್ಲಿಲ್ಲ ಅಂದ್ರೆ ಹೊರಗಡೆ ಕೊಟ್ಟುಬಿಡ್ತೀನಿ. ನಿಮಗೆ ರೆಕಾರ್ಡ್ ರೂಮ್ ಇದ್ದೇ ಇದೆ. ಕಣ್ಣಿಗೂ ಆರಾಮ."

ರೆಕಾರ್ಡ್ ರೂಮಿನಲ್ಲಿ ಕಿಟಕಿಯಿಲ್ಲ. ಹಳೆ ಹಾಳೆಗಳ ಸುರುಳಿ, ಒಂದು ಏಣಿ, ಒಂದು ಬಲ್ಬು. ನಲವತ್ತು ವರ್ಷಕ್ಕೆ ಹತ್ತಿರವಾದ ಕೈಯನ್ನು ಅಲ್ಲಿ ಧೂಳು ಒರೆಸಲು ಇಡುತ್ತಾರೆ, ಅದೂ ನನ್ನಿಂದ. ತಪ್ಪು ನನ್ನದು ಎಂದು ಮೇಡಂಗೆ ಹೇಳಲು ಹೊರಟೆ. ಮೇಜಿನ ಕೆಳಗೆ ಗೆರೆಯಕ್ಕ ನನ್ನ ಕಾಲು ತುಳಿದಳು. ಮೇಡಂ ಅತ್ತ ಹೋದ ಮೇಲೆ ಹೇಳಿದಳು:

"ಸುಮ್ನಿರಿ. ನಿಮ್ಮನ್ನೂ ಆ ರೂಮಿಗೆ ಹಾಕಿದ್ರೆ ಅಲ್ಲಿ ಉಸಿರಾಡೋದು ಹೇಗೆ, ಆ ವಾಸನೇಲಿ?" ಅಷ್ಟರಲ್ಲಿ ತಟ್ಟನೆ ಎದ್ದು ನಿಂತಳು. "ಅಣ್ಣ! ಕಪಾಟು!"

ಅವಳ ಮನೆ ಮೂರು ಬಸ್ ನಿಲ್ದಾಣ ಆಚೆ, ಎರಡನೇ ಮಹಡಿ. ಕಿರಿದಾದ ಅಡುಗೆಮನೆ, ಗೋಡೆಗೆ ಮೂರು ಅಂತಸ್ತಿನ ಕಪಾಟು, ಮೇಲಿನ ಅಂತಸ್ತಿನಲ್ಲಿ ಎತ್ತರದ ಕ್ರಮದಲ್ಲಿ ನಿಂತ ತಗಡಿನ ಡಬ್ಬಿಗಳು. ಸೊಸೆಗೆ ಆ ಶಿಸ್ತು ಎಲ್ಲಿಂದ ಬಂತು ಎಂದು ಯಾರೂ ಕೇಳಬೇಕಿಲ್ಲ. ಅಥವಾ ಅತ್ತೆಗೆ ಸೊಸೆಯಿಂದ ಬಂತೋ. ಎಂಬತ್ತರ ಅತ್ತೆ ಸ್ಟೂಲಿನ ಮೇಲೆ ಕೂತಿದ್ದವರು ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿದರು.

"ಏನಿವತ್ತು, ವಾಸನೆ ಸಮೇತ ಬಂದಿದೀಯ?"

"ಅತ್ತೆ, ಡಬ್ಬಿ ಸ್ವಲ್ಪ ಇಳಿಸ್ಬೇಕು. ಕೆಳಗಿನ ಹಾಳೆ ಬೇಕು."

"ಕೊಟ್ಟ ಹಾಳೆ ವಾಪಸ್ ಕೇಳ್ತಾರೇನೇ? ನಾಳೆ ಉಟ್ಟ ಸೀರೆನೂ ಕೇಳ್ತೀಯ."

"ನನ್ನ ಕೆಲಸ ಹೋಗೋ ಹಾಗಿದೆ ಅತ್ತೆ."

ಮುದುಕಿ ಸ್ಟೂಲು ಬಿಟ್ಟು ಎದ್ದರು. ಆಮೇಲೆ ನನ್ನ ಕಡೆ ಬೆರಳು ಮಾಡಿದರು. "ಅಲ್ಲೇನು ಗೂಟದ ಹಾಗೆ ನಿಂತಿದೀಯ? ಸ್ಟೂಲ್ ಹತ್ತು. ಉಪ್ಪಿನ ಡಬ್ಬಿ ಮೊದಲು, ಸಕ್ಕರೆ ಆಮೇಲೆ. ಕಲಸಿ ಇಟ್ಟೆ ಅಂದ್ರೆ ನೋಡು!"

ಹದಿನಾಲ್ಕು ಡಬ್ಬಿ ಇಳಿಸಿದೆ. ಹಾಳೆ ಸಿಕ್ಕಿತು. ಎರಡು ಕಡೆ ಎಣ್ಣೆ ಬಾಟಲಿಯ ದುಂಡು ಗುರುತು, ಉಳಿದಂತೆ ಹೊಸದರ ಹಾಗಿತ್ತು. ಬೆಕ್ಕು ಮಲಗಿತ್ತು, ಕಾಗೆ ಕೂತಿತ್ತು. ಗೆರೆಯಕ್ಕ ಅದನ್ನು ಎದೆಗೆ ಒತ್ತಿಕೊಂಡಳು. ಅಂಚುಗಳು ಮಾತ್ರ ಇರಲಿಲ್ಲ. ಕಪಾಟಿನ ಅಳತೆಗೆ ಅತ್ತೆ ನಾಲ್ಕೂ ಕಡೆ ಕತ್ತರಿ ಆಡಿಸಿದ್ದರು. "ಬರೀ ನಂಬರು, ತಾರೀಖು ಇತ್ತು ಕಣೆ ಅಲ್ಲಿ," ಎಂದರು. "ಅದರಿಂದ ನಿನಗೇನಾಗ್ಬೇಕು?"

ನಾನು ಹಾಳೆಯನ್ನು ಅವಳಿಂದ ಕೇಳಿ ಪಡೆದೆ. "ನಾಳೆ ನೀನು ಬರೋಷ್ಟರಲ್ಲಿ ಜೋಡಿಸಿಟ್ಟಿರ್ತೀನಿ. ಕೆಡಿಸಿದ ಕೈನೇ ಸರಿ ಮಾಡ್ಲಿ."

ಬುಧವಾರ ಬೆಳಿಗ್ಗೆ ಕಸ ಗುಡಿಸುವವರಿಗಿಂತ ಮೊದಲೇ ಕಚೇರಿಯಲ್ಲಿದ್ದೆ. ಹಾಳೆಯನ್ನು ಕಿಟಕಿಯ ಗಾಜಿಗೆ ಅಂಟಿಸಿ, ನೋಡಿ ನೋಡಿ ಸಾಲು ಕಟ್ಟಿದೆ. ಒಂಬತ್ತು ಚಿತ್ರಗಳನ್ನೂ ಚೌಕ ಚೌಕ ತುಂಬಿದೆ. ತೆಳು ಗೆರೆಯ ಗುಂಡಿಯಲ್ಲಿ ಗೆರೆ ಆ ಕಡೆಗೆ ವಾಲಿತ್ತು. ಸಾಫ್ಟ್‌ವೇರಿನ ಗುಂಡಿಯಲ್ಲಿ ಈ ಕಡೆಗೆ. ಪಾಪ, ಆವತ್ತು ಅವಳ ಕೈ ತಪ್ಪಿರಬೇಕು ಎಂದುಕೊಂಡೆ. ಹತ್ತು ಗಂಟೆಗೆ ಇಪ್ಪತ್ಮೂರೂ ಕೂತವು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಗೆರೆಯಕ್ಕ ಬಂದಳು. ಕೂತಳು. ಬೆಕ್ಕು ನೋಡಿ ಕಣ್ಣರಳಿಸಿದಳು. ಕೈ ಎಡಕ್ಕೆ ಹೋಯಿತು, ತೆಳು ಗೆರೆಗೆಂದು ಒತ್ತಿದಳು. ಪ್ರಿಂಟ್ ಬಂತು. ಕೋಣೆಯ ಆಚೆ ಪ್ರಿಂಟರ್ ಗರಗರ ಎಂದು ಖಾಲಿ ಹಾಳೆ ಉಗುಳಿತು. ಅವಳು ಪರದೆಗೆ ಮುಖ ಹತ್ತಿರ ತಂದು ಒಂದೊಂದೇ ಗುಂಡಿ ನೋಡುತ್ತ ಹೋದಳು. ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ನನ್ನ ಜೀವ ಹಾರಿತು. ತಿರುಗಿದಳು. ನಗು, ತಡೆಯಲಾರದ ನಗು, ಕಣ್ಣಲ್ಲಿ ನೀರು.

"ಅಣ್ಣ, ನನ್ನ ಬಾಗಿಲು ಯಾವತ್ತಾದ್ರೂ ಬಲಕ್ಕೆ ತೆರೆದಿದ್ದುಂಟಾ?"

"ಯಾಕೆ?"

"ಹಾಳೆ ತಿರುಗುಮುರುಗು! ನೀವು ಬೆನ್ನಿನ ಕಡೆಯಿಂದ ನೋಡಿ ಕಟ್ಟಿದೀರ!"

ಪಾರದರ್ಶಕ ಹಾಳೆಗೆ ಮುಖವೂ ಬೆನ್ನೂ ಒಂದೇ ಥರ. ಯಾವುದು ಮುಖ ಎಂದು ಹೇಳುತ್ತಿದ್ದದ್ದು ಮೂಲೆಯ ತಾರೀಖು, ನಂಬರು. ಅವು ಅತ್ತೆಯ ಕತ್ತರಿಗೆ ಹೋಗಿದ್ದವು. ಜೀವಮಾನವಿಡೀ ಟ್ರೇಸ್ ಹಾಳೆಗಳ ನಕಲು ತೆಗೆದವನು ಹಾಳೆಯ ಮುಖ ತಿಳಿಯದೆ ಕೂತಿದ್ದೆ. ಅದು ಸಾಲದೆಂಬಂತೆ, ಎಂದೂ ತಪ್ಪದ ಕೈಯನ್ನು ತಪ್ಪಿತೆಂದು ಬೇರೆ ಎಣಿಸಿದ್ದೆ.

"ಹೋಗ್ಲಿ, ನಿಮ್ಮ ಮೂಗು ಯಾವ ಕಡೆಗಿದೆ ಅಂತಾದ್ರೂ ಗೊತ್ತಾಗ್ಬೇಡ್ವಾ?"

"ದಿನಾ ಕನ್ನಡೀಲೇ ನೋಡೋದು ಅಕ್ಕ," ಎಂದೆ. "ಹಿಂಗೇ ಕಾಣುತ್ತೆ."

ಕಚೇರಿ ಮತ್ತೊಮ್ಮೆ ಹೊಟ್ಟೆ ಹಿಡಿದು ನಕ್ಕಿತು. ಆ ನಗುವಿನಲ್ಲೇ ಅವಳು ಹಾಳೆಯನ್ನು ಮಗುಚಿ ಗಾಜಿಗೆ ಅಂಟಿಸಿದಳು. ಸಾಲನ್ನು ಬಲದಿಂದ ಎಡಕ್ಕೆ ತಿರುಗಿಸಿ ಕಟ್ಟಿದೆವು. ಚಿತ್ರ ಸರಿಯಾಯಿತು, ಆದರೆ ಬಾಗಿಲಿನಂತೆ ಅವಳೇ ಕಟ್ಟಿದ ಗುಂಡಿಗಳು ಒತ್ತಿದರೆ ಏನು ಮಾಡಬೇಕೆಂಬುದು ಹಾಳೆಯಲ್ಲಿರಲಿಲ್ಲ. ಅದು ಅವಳ ಬೆರಳಲ್ಲಿತ್ತು. ಬಾಗಿಲಿನ ಚಿತ್ರದ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ಹೇಳುತ್ತ ಹೋದಳು: "ಮೊದಲು ಚೌಕಟ್ಟು. ಆಮೇಲೆ ಹಲಗೆ. ಆಮೇಲೆ ಕಾಲು ಭಾಗ ವೃತ್ತ. ಅಳತೆ ಕೇಳ್ಬೇಕು, ಕೇಳದೆ ಇಡ್ಬಾರ್ದು." ನಾನು ಬರೆದುಕೊಂಡು ಒಳಗೆ ಹಾಕುತ್ತ ಹೋದೆ. ಊಟದ ಹೊತ್ತಿಗೆ ಅವೆಲ್ಲ ಜೀವ ತಳೆದವು.

ಆಮೇಲೆ ಅವಳ ಕೈ ನೋಡಬೇಕಿತ್ತು! ತೆಳು ಗೆರೆ, ದಪ್ಪ ಗೆರೆ, ಮೂಲೆ, ಬಾಗಿಲು, ಬಾಗಿಲು, ಕಿಟಕಿ, ಬೆಕ್ಕು. ಕಣ್ಣು ನಕ್ಷೆಯಿಂದ ಕದಲಲಿಲ್ಲ. ಅಗ್ನಿಶಾಮಕ ಠಾಣೆಗೆ ಬಾಗಿಲುಗಳು ಜಾಸ್ತಿ. ದೊಡ್ಡ ವಾಹನಗಳಿಗೆ ನಾಲ್ಕು, ಉಳಿದವು ಮೂವತ್ತೊಂದು. ಎಲ್ಲವೂ ಟಪಟಪನೆ ಬಂದು ತಮ್ಮ ತಮ್ಮ ಗೋಡೆಯಲ್ಲಿ ನಿಂತವು. ಗುರುವಾರ ಮಧ್ಯಾಹ್ನ ಚಿಕ್ಕ ಮೇಡಂ ನಾಲ್ಕು ಹಾಳೆ ಎಣಿಸಲು ಬಂದಳು. ಐದಿದ್ದವು. ಶುಕ್ರವಾರ ಮೂರೂ ಇಪ್ಪತ್ತಕ್ಕೆ ಹನ್ನೊಂದನೆಯದು ಮುಗಿಯಿತು. ಗೆರೆಯಕ್ಕ ಮೂಗು ಒತ್ತಿದಳು, ಪ್ರಿಂಟ್ ಹೊರಗೆ ಬಂತು.

ಮೇಡಂ ಹಾಳೆಗಳನ್ನು ತಿರುವಿ ನೋಡಿದಳು. ಆಮೇಲೆ ಪರದೆ ನೋಡಿದಳು.

"ಅಕ್ಕ, ಈ ಬೆಕ್ಕು ಏನು ಮಾಡುತ್ತೆ?"

"ಉಳಿಸುತ್ತೆ ಮೇಡಂ."

"ನನ್ನ ಮಷೀನಲ್ಲಿ ಯಾಕಿಲ್ಲ ಇದು? ನಾನು ದಿನಾ ಒಂದು ಬಾಗಿಲಿಗೆ ಏಳು ಸಲ ಒತ್ತಬೇಕು."

ಆಗ ಹೇಳಿದೆ, ಎಲ್ಲವನ್ನೂ. ಮಂಗಳವಾರ ಆ ಅರ್ಧ ಹಾಳೆ ಯಾಕೆ ನಿಂತಿತು, ಯಾ‌ರು ಅಳಿಸಿದರು, ಕಪಾಟಿನಲ್ಲಿ ಏನು ಸಿಕ್ಕಿತು. ಈ ಸಲ ಗೆರೆಯಕ್ಕನ ಕಾಲು ನನ್ನ ಕಾಲಿಗೆ ಎಟುಕಲಿಲ್ಲ. ಚಿಕ್ಕ ಮೇಡಂ ಕೇಳಿಸಿಕೊಂಡಳು, ಎಣ್ಣೆ ಗುರುತಿನ ಹಾಳೆಯನ್ನು ಗಾಜಿನ ಮೇಲೆ ನೋಡಿದಳು, ಅಪ್ಪನ ಹಾಗೆಯೇ ಒಂದು ಬೆರಳಿಟ್ಟು ಮಸಿಯ ಗೆರೆ ಸವರಿದಳು.

"ರೆಕಾರ್ಡ್ ರೂಮಿಗೆ ಈ ಹಾಳೆ ಹೋಗ್ಲಿ," ಎಂದಳು. "ಅಕ್ಕ ಇಲ್ಲೇ ಇರ್ಲಿ. ಅಣ್ಣ, ನನಗೂ ಈ ಸಾಲು ಹಾಕಿಕೊಡಿ. ನೋಡಿ, ಮುಖದ ಕಡೆಯಿಂದ."

ಅಷ್ಟರಲ್ಲಿ ನಾನು ಸಹಾಯದ ಪುಟಗಳನ್ನೆಲ್ಲ ಕುಡಿದು ಮುಗಿಸಿದ್ದೆ. ಟೂಲ್‌ಬಾರಿನ ಜೋಡಣೆಯನ್ನು ಪೂರ್ತಿಯಾಗಿ ಒಂದು ಫೈಲಾಗಿ ಹೊರಗೆ ತೆಗೆಯುವ ಆಜ್ಞೆ ಸಾಫ್ಟ್‌ವೇರಿನಲ್ಲೇ ಇತ್ತು. ಹನ್ನೆರಡು ವರ್ಷವೂ ಇತ್ತು. ಹೊರಗೆ ತೆಗೆದೆ. ಒಂದು ಚಿಕ್ಕ ಫೋಟೋದಷ್ಟೂ ತೂಕವಿಲ್ಲದ ಫೈಲು. ಮೇಡಂ ಮಷೀನಿನಲ್ಲಿ ಒಳಗೆ ತೆಗೆದುಕೊಳ್ಳುವ ಆಜ್ಞೆ ಕೊಟ್ಟೆ, ಕಣ್ಣು ಮಿಟುಕಿಸುವುದರೊಳಗೆ ಇಪ್ಪತ್ಮೂರು ಗುಂಡಿಗಳೂ ಬಂದು ಸಾಲಾಗಿ ಕೂತವು. ಅವತ್ತೇ ಕಚೇರಿಯ ನಾಲ್ಕೂ ಮಷೀನಿಗೆ ಹಾಕಿದೆ. ನಾಲ್ಕು ಬೆಕ್ಕು, ನಾಲ್ಕು ಕಾಗೆ, ನನ್ನ ನಾಲ್ಕು ಮೂಗು. ಫೈಲನ್ನು ಎರಡು ಪೆನ್‌ಡ್ರೈವಿಗೆ ತುಂಬಿ, ಒಂದನ್ನು ಬೀರುವಿಗೆ, ಒಂದನ್ನು ಗೆರೆಯಕ್ಕನ ಕೈಗೆ ಕೊಟ್ಟೆ.

"ಈಗ ಎಲ್ಲಿದೆ ಅಂತ ಗೊತ್ತು ಅಕ್ಕ. ಮರೆಯ ಫೋಲ್ಡರಲ್ಲಿದೆ, ಬೀರುವಲ್ಲಿದೆ, ನಿನ್ನ ಚೀಲದಲ್ಲಿದೆ. ಇನ್ನು ಆ ಟ್ರೇಸ್ ಬೇಡ."

ಅವಳು ಪೆನ್‌ಡ್ರೈವನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. "ಇದ್ರಲ್ಲಿ ಏನೂ ಕಾಣಲ್ವಲ್ಲ ಅಣ್ಣ," ಎಂದು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಹಾಳೆ ತಂದು, ಟೇಪು ಹರಿದು, ಹೊಸ ಪರದೆಗೆ ಅಂಟಿಸಿದಳು. ಈ ಸಲ ಯಾರೂ ನಗಲಿಲ್ಲ. ಚಿಕ್ಕ ಮೇಡಂ ಟೇಪಿನ ಒಂದು ಮೂಲೆ ಹಿಡಿದುಕೊಂಡಳು, ನಾನು ಇನ್ನೊಂದು.

ಎರಡು ಪ್ರತಿ ಬರೆದಳು. ಒಂದು ಬೀರುವಿಗೆ. ಇನ್ನೊಂದನ್ನು ಸಂಜೆ ನಾನೇ ಅವಳ ಜೊತೆ ಹೋಗಿ, ಸ್ಟೂಲು ಹತ್ತಿ, ಉಪ್ಪು ಮೊದಲು ಸಕ್ಕರೆ ಆಮೇಲೆ ಇಳಿಸಿ, ಕಪಾಟಿಗೆ ಹಾಸಿದೆ. ಹಾಳೆ ಕಪಾಟಿಗಿಂತ ಎರಡು ಬೆರಳು ಅಗಲವಿತ್ತು. ತಾರೀಖು, ನಂಬರು ಇದ್ದ ಅಂಚು ಹೊರಗೆ ಜೋತುಬಿತ್ತು. ಅತ್ತೆ ಕತ್ತರಿ ತೆಗೆದುಕೊಂಡರು. ಅಂಚನ್ನು ನೋಡಿದರು. ನನ್ನನ್ನು ನೋಡಿದರು. ಕತ್ತರಿಯನ್ನು ಮಡಿಲಿಗೆ ಹಾಕಿಕೊಂಡರು.

"ಜೋತಾಡ್ಲಿ ಬಿಡು," ಎಂದರು. "ಇವನಿಗೆ ಮುಖ ಯಾವುದು, ಬೆನ್ನು ಯಾವುದು ಅಂತ ಗೊತ್ತಾಗ್ಬೇಕಲ್ಲ."